ತಾರಾನಾಥರು ಏಳನೇ ಕೋಣೆಯಲ್ಲಿದ್ದಾರೆ

ಶ್ರೀನಿಧಿ ಲಾಡ್ಜ್, ಮಣಿಪಾಲ
11 ಜುಲೈ 1983

ರಮಾಮಣಿ,

ಚೆನ್ನಾಗಿದ್ದೀಯಾ ಎಂದು ಕೇಳಿ ಶುರುಮಾಡಬೇಕಾದ ಕಾಗದ ಇದು. ಕೇಳುವುದಿಲ್ಲ. ನೀನು ಚೆನ್ನಾಗಿಯೇ ಇದ್ದೀ ಎಂಬುದಕ್ಕೆ ನನ್ನ ಕೌಂಟರಿನಲ್ಲೇ ಸಾಕ್ಷಿ ಉಂಟು.

ಮಾರ್ಚಿನಲ್ಲಿ ತೀರಿಕೊಂಡ ನಿನ್ನ ಗಂಡ ತಾರಾನಾಥರು ಜೂನಿನಿಂದ ಈಚೆಗೆ ನಮ್ಮ ಲಾಡ್ಜಿಗೆ ನಾಲ್ಕಾರು ಸಲ ಬಂದು ಉಳಿದು ಹೋಗಿದ್ದಾರೆ. ಒಮ್ಮೆ ಶಿರ್ವದ ಮ್ಯಾಗ್ಡಲಿನ್ ಬಾಯಿಯ ರೂಪದಲ್ಲಿ, ಕೈಯಲ್ಲಿ ಜಪಸರ ಹಿಡಿದುಕೊಂಡು ಬಂದರು. ಕಳೆದ ವಾರ ಅವರಿಗೆ ಹೆರಿಗೆಯೂ ಆಯಿತು. ಹೆಣ್ಣು ಮಗು. ನಮ್ಮ ಮ್ಯಾನೇಜರ್ ಶೇಖರ "ತಾರಾನಾಥರಿಗೆ ಬಾಣಂತಿ ಸ್ನಾನದ ಬಿಸಿನೀರು, ಎರಡು ಬಕೆಟು" ಎಂದು ಬರೆದಿಟ್ಟಿದ್ದಾನೆ. ಎತ್ತು ಈದಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ ಅವನು. ಕೂಪನಿನಲ್ಲಿ ಯಾವ ಹೆಸರು ಉಂಟೋ ಅದನ್ನೇ ಬರೆಯುತ್ತಾನೆ, ಮುಖ ನೋಡುವುದಿಲ್ಲ.

ಐದು ರಾತ್ರಿ ಬಾಡಿಗೆ ಕೊಟ್ಟು ಉಳಿದವರಿಗೆ ಒಂದು ರಾತ್ರಿ ಪುಕ್ಕಟೆ ಎಂದು ಆ ನೀಲಿ ಕೂಪನು ಮಾಡಿಸಿದವಳು ನಾನು. ಖಾಯಂ ಗಿರಾಕಿಗಳಿಗೆ ಮರ್ಯಾದೆ ಇರಲಿ ಎಂದು ಮಾಡಿಸಿದ್ದು. ನೀನು ಅದನ್ನು ಆಸ್ಪತ್ರೆಯ ಜಗಲಿಯಲ್ಲಿ ನಿಂತು ಅರ್ಧ ಬೆಲೆಗೆ ಮಾರುತ್ತೀ ಎಂದು ಕೇಳಿ ನನ್ನ ತಲೆ ತಿರುಗಿತು. ನಾವಿಬ್ಬರೂ ಕಾರ್ಕಳದ ಆನೆಕೆರೆ ಬದಿಯ ಟೈಪಿಂಗ್ ಕ್ಲಾಸಿನಲ್ಲಿ ಒಂದೇ ಬೆಂಚಿನವರು. ಆ ಸಲುಗೆಯಿಂದ ಹೇಳುತ್ತೇನೆ, ನಿಲ್ಲಿಸು. ನಮ್ಮ ಯಜಮಾನರು ವಿಷ್ಣುಮೂರ್ತಿಯವರಿಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದರೆ ಶೇಖರನ ಕೆಲಸ ಹೋಗುತ್ತದೆ, ನನಗೆ ಮಂಗಳಾರತಿಯಾಗುತ್ತದೆ.

ಮೂಕಾಂಬಿಕಾ

●

ಕುಕ್ಕುಂದೂರು, ಕಾರ್ಕಳ
16 ಜುಲೈ 1983

ಮೂಕಾಂಬಿಕಾ,

ಹೆಣ್ಣು ಮಗುವಿಗೆ ಏನು ಹೆಸರಿಟ್ಟರು, ವಿಚಾರಿಸಿ ಬರೆ. ನನ್ನ ಗಂಡನಿಗೆ ಮಕ್ಕಳಿಲ್ಲ ಎಂಬ ಕೊರಗು ಇತ್ತು.

ನಿಲ್ಲಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನದಿಂದ ಓದಬಹುದು.

ಎರಡು ವರ್ಷದಲ್ಲಿ ನಾವು ನಿನ್ನ ಲಾಡ್ಜಿನಲ್ಲಿ ಎಷ್ಟು ರಾತ್ರಿ ಕಳೆದೆವೆಂದು ನಿನಗೆ ಗೊತ್ತು. ನನ್ನ ಕರಿಮಣಿಯ ಚಿನ್ನ, ಅವರ ಸೈಕಲು, ಅಂಗಳದ ತೆಂಗಿನಮರದ ಫಸಲು, ಎಲ್ಲ ನಿನ್ನ ಕೌಂಟರು ದಾಟಿ ಹೋದದ್ದು. ಪ್ರತಿಯಾಗಿ ಬಂದದ್ದು ಒಂದು ಕಟ್ಟು ನೀಲಿ ಕೂಪನು. ಒಂದನ್ನಾದರೂ ಬಳಸುವ ಎಂದು ಕೊಟ್ಟಾಗಲೆಲ್ಲ ನೀನು "ಈಗ ಬೇಡ ಮಾರಾಯ್ತಿ, ಸೀಸನ್ ಉಂಟು, ರಶ್" ಎಂದೆ. ಆಸ್ಪತ್ರೆಯ ಎದುರಿನ ಲಾಡ್ಜಿಗೆ ಸೀಸನ್ ಎಂತದ್ದು? ಜನ ಕಾಯಿಲೆ ಬೀಳುವುದು ಮಾವಿನಕಾಯಿಯ ಹಾಗೆ ಬೇಸಗೆಯಲ್ಲಿ ಮಾತ್ರವಾ? ಮತ್ತೆ ಈ ಖಾಯಂ ಗಿರಾಕಿ ಎನ್ನುವ ಮಾತು. ನಿನ್ನ ಲಾಡ್ಜಿಗೆ ಖಾಯಂ ಆಗಬೇಕೆಂದು ಯಾರೂ ಹರಕೆ ಹೊತ್ತುಕೊಂಡು ಬರುವುದಿಲ್ಲ. ಅಲ್ಲಿಗೆ ಮತ್ತೆ ಮತ್ತೆ ಬರುವವರೆಲ್ಲ ಗುಣವಾಗದವರು.

ಮಾರುವುದು ಯಾಕೆ ಎಂದು ನೀನು ಕೇಳಲಿಲ್ಲ. ನಾನೇ ಹೇಳುತ್ತೇನೆ. ತಾಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡುವ ಭುಜಂಗರು ಈ ವರ್ಷಕ್ಕೆ ಕೆಲಸ ಬಿಡುತ್ತಾರೆ. ಅವರ ಕನ್ನಡ ಟೈಪ್‌ರೈಟರನ್ನು ದೀಪಾವಳಿಯವರೆಗೆ ನನಗಾಗಿ ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ. ಈ ಕೂಪನುಗಳೆಲ್ಲ ಅರ್ಧ ಬೆಲೆಗೆ ಹೋದರೂ ಮೆಷಿನು ನನ್ನದು. ಹೋಗದಿದ್ದರೆ ಉಡುಪಿಯಲ್ಲಿ ಭಾವನವರ ಅಡಿಗೆಮನೆ ನನಗಾಗಿ ಕಾದು ಕುಳಿತಿದೆ. ಅಲ್ಲಿ ಊಟಕ್ಕೆ ಕೊರತೆ ಇಲ್ಲ. ಆದರೆ ಸಾಯುವವರೆಗೆ "ಪಾಪ, ತಮ್ಮನ ಹೆಂಡತಿ" ಎನಿಸಿಕೊಂಡು ಬದುಕಲು ನನ್ನಿಂದಾಗದು.

ಇನ್ನು ನಿನ್ನ ಕಾನೂನು. ಕೂಪನನ್ನು ತೆಗೆದು ಓದು. ಅಚ್ಚು ಹಾಕಿದವರು ಮದುವೆ ಕಾಗದದ ಅಚ್ಚುಮೊಳೆ ಜೋಡಿಸಿಟ್ಟದ್ದನ್ನೇ ನಿನಗೂ ಹೊಡೆದುಕೊಟ್ಟಿದ್ದಾರೆ: "ಶ್ರೀ ತಾರಾನಾಥ ಇವರು ಸಕುಟುಂಬ ಸಪರಿವಾರ ಬಂಧುಮಿತ್ರರೊಡನೆ ಆಗಮಿಸಬೇಕಾಗಿ ವಿನಂತಿ." ನೀನೇ ಕರೆದದ್ದು. ಬಂಧುಮಿತ್ರರು ಬಂದಿದ್ದಾರೆ, ಯಜಮಾನರು ಸ್ವಲ್ಪ ತಡವಾಗಿ ಬರುತ್ತಾರೆ ಎಂದುಕೊ.

ರಮಾಮಣಿ

●

ಮಣಿಪಾಲ
2 ಆಗಸ್ಟ್ 1983

ರಮಾಮಣಿ,

ನಿನ್ನ ನಾಲಗೆ ಟೈಪಿಂಗ್ ಕ್ಲಾಸಿನಲ್ಲಿ ಇದ್ದಷ್ಟೇ ಚುರುಕಾಗಿ ಉಂಟು. ಅಚ್ಚಿನವರಿಗೆ ಬೈದು ಬಂದೆ. "ಎಲ್ಲರೂ ಇದೇ ಹಾಕಿಸ್ತಾರಲ್ವಾ ಅಮ್ಮ, ಅಂಗಡಿ ಉದ್ಘಾಟನೆಗೂ ಇದೇ" ಎನ್ನುತ್ತಾರೆ.

ನೀನು ಬರೆದದ್ದರಲ್ಲಿ ನಮ್ಮ ಕಡೆಯ ಸುದ್ದಿ ಒಂದೂ ಇಲ್ಲ. ಈ ಲಾಡ್ಜಿನಿಂದ ಎಷ್ಟು ಜನ ಉಣ್ಣುತ್ತಾರೆಂದು ನಿನಗೆ ಗೊತ್ತಿಲ್ಲ. ಒಂದು ಕೋಣೆ ಪುಕ್ಕಟೆ ಹೋದರೆ ಆ ದಿನದ ಅಕ್ಕಿ ನಮ್ಮ ಕೈಯಿಂದ. ಎಲ್ಲರೂ ನಿನ್ನ ಹಾಗೆ ಹೊರಟರೆ ನಾನು ಬಾಗಿಲಿಗೆ ಬೀಗ ಹಾಕಿ ಕೃಷ್ಣಮಠದ ಊಟದ ಸಾಲಿನಲ್ಲಿ ಕೂರಬೇಕು.

ಇವರಿಗೆ ಗೊತ್ತಾಯಿತು. ವಿಷ್ಣುಮೂರ್ತಿಯವರಿಗೆ ಸಿಟ್ಟು ಬಂದರೆ ಜೋರು ಮಾಡುವುದಿಲ್ಲ, ಊಟ ಬಿಡುತ್ತಾರೆ. ಎರಡು ದಿನ ಬಿಟ್ಟರು. ಆಮೇಲೆ ತೀರ್ಮಾನವಾದದ್ದು ಹೀಗೆ: ನವರಾತ್ರಿಯ ಮೊದಲ ದಿನದಿಂದ ಕೂಪನು ಹಿಡಿದು ಬಂದವರು ಸ್ವತಃ ಆ ಹೆಸರಿನವರೇ ಆಗಿರಬೇಕು. ಅಷ್ಟರೊಳಗೆ ನೀನು ಎಷ್ಟು ಮಾರುತ್ತೀಯೋ ಮಾರು. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಇದಕ್ಕಿಂತ ಹೆಚ್ಚು ಸ್ನೇಹ ನನ್ನಲ್ಲಿಲ್ಲ.

ಮೂಕಾಂಬಿಕಾ

●

ರಥಬೀದಿ, ಉಡುಪಿ
20 ಆಗಸ್ಟ್ 1983

ಚಿ॥ ಸೌ॥ ಎಂದು ಬರೆಯುವ ಯೋಗವಿಲ್ಲದ ರಮಾಮಣಿಗೆ ಯಜ್ಞನಾರಾಯಣನ ಆಶೀರ್ವಾದಗಳು.

ಮೃತನಾದ ನನ್ನ ತಮ್ಮನ ಹೆಸರಿನಲ್ಲಿ ಜಾತಿ ಗೋತ್ರ ತಿಳಿಯದ ಜನರು ಮಲಗಿ ಏಳುತ್ತಿರುವ ವರ್ತಮಾನ ತಲುಪಿತು. ವರ್ಷಾಂತಿಕವಾಗುವ ಮೊದಲೇ ಹೀಗೆ ಹೆಸರನ್ನು ಬೀದಿಗೆ ಹಾಕಿದರೆ ಅವನ ಆತ್ಮಕ್ಕೆ ಗತಿ ಎಲ್ಲಿಂದ? ಹೆಂಗಸಾದವಳು ತಾಲೂಕು ಕಚೇರಿಯ ಎದುರು ಮೇಜು ಹಾಕಿ ಕೂರುವ ಯೋಚನೆಯನ್ನೂ ಕೇಳಿದೆ. ನಮ್ಮ ಮನೆತನದಲ್ಲಿ ಅದು ನಡೆದುಬಂದದ್ದಲ್ಲ. ಉಳಿದ ಕೂಪನುಗಳನ್ನು ಲಾಡ್ಜಿಗೆ ಹಿಂತಿರುಗಿಸಿ, ದೀಪಾವಳಿಗೆ ಪೆಟ್ಟಿಗೆ ಸಮೇತ ಇಲ್ಲಿಗೆ ಬರತಕ್ಕದ್ದು. ಹಿತ್ತಿಲ ಕಡೆಯ ಕೋಣೆ ತೆರವು ಮಾಡಿಸಿದ್ದೇನೆ. ನಿನ್ನ ಓರಗಿತ್ತಿಗೆ ಮಂಡಿನೋವು, ಒಲೆಯ ಎದುರು ನಿಲ್ಲಲಾಗುವುದಿಲ್ಲ.

ಇತಿ
ಯಜ್ಞನಾರಾಯಣ

●

ಕುಕ್ಕುಂದೂರು
24 ಆಗಸ್ಟ್ 1983

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಓರಗಿತ್ತಿ ಅಕ್ಕನ ಮಂಡಿಗೆ ನೋವಿನೆಣ್ಣೆ ಕಳುಹಿಸುತ್ತಿದ್ದೇನೆ, ಬಿಸಿಮಾಡಿ ಹಚ್ಚಬೇಕು. ನಾನು ಬರುವುದಿಲ್ಲ.

ನಿಮ್ಮ ತಮ್ಮ ಮಲಗಿದ್ದ ಎರಡು ವರ್ಷದಲ್ಲಿ ತಾವು ನೋಡಲು ಬಂದದ್ದು ಒಂದು ಸಲ, ಅದೂ ಬ್ಯಾಂಕಿನ ಕೆಲಸಕ್ಕೆ ಮಣಿಪಾಲಕ್ಕೆ ಬಂದಿದ್ದಾಗ. ಅವರ ಹೆಸರಿನ ಯೋಚನೆ ಆಗ ಬರಲಿಲ್ಲ, ಈಗ ಬಂದಿದೆ. ಅವರ ಹೆಸರಿನಲ್ಲಿ ದಿಕ್ಕಿಲ್ಲದವರು ಒಂದು ರಾತ್ರಿ ಬೆನ್ನು ನೆಟ್ಟಗೆ ಮಾಡಿ ಮಲಗುತ್ತಾರೆ. ಇದರಿಂದ ಕೆಡುವ ಗತಿಯಾದರೆ ಕೆಡಲಿ, ಅದಕ್ಕೆ ನಾನು ಹೊಣೆ.

ರಮಾಮಣಿ

●

ಕುಕ್ಕುಂದೂರು
29 ಸೆಪ್ಟೆಂಬರ್ 1983

ಮೂಕಾಂಬಿಕಾ,

ಅರ್ಧ ಮಾರಿಯಾಯಿತು. ಭುಜಂಗರಿಗೆ ಅರ್ಧ ಹಣ ಕೊಟ್ಟು ಬಂದೆ. ನನಗೆ ಕೆಲವು ಅಕ್ಷರ ಮರೆತಿತ್ತು, ಅವರು ಮೆಷಿನಿನ ಎದುರು ಕೂರಿಸಿ "ನಿಧಾನ ಅಮ್ಮ, ಇದಕ್ಕೂ ವಯಸ್ಸಾಯಿತು" ಎಂದರು. ಬೆರಳು ಒಂದೊಂದೇ ನೆನಪಿಸಿಕೊಂಡಿತು. ಎಷ್ಟು ಸಂತೋಷವಾಯಿತೆಂದು ಹೇಳಿದರೆ ನೀನೊಬ್ಬಳು ನಂಬಬಹುದು, ಬೇರೆ ಯಾರಿಗೂ ಹೇಳುವಂತಿಲ್ಲ.

ಮೊನ್ನೆ ಆಸ್ಪತ್ರೆಯ ಜಗಲಿಯಲ್ಲಿ ಕಾಪುವಿನ ಸಫಿಯಮ್ಮ ಸಿಕ್ಕಿದರು. ಗಂಡ ಜಮಾಲರಿಗೆ ನನ್ನವರ ಕಾಯಿಲೆಯೇ. ವಾರ್ಡಿನಿಂದ ಬಿಟ್ಟಿದ್ದಾರೆ. ಬಿಟ್ಟಿದ್ದಾರೆ ಎಂದರೆ ಎಂತ ಎಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನೋವಿನ ಇಂಜೆಕ್ಷನು ಕಾಪುವಿನಲ್ಲಿ ಸಿಗುವುದಿಲ್ಲ, ಅದಕ್ಕಾಗಿ ಆಸ್ಪತ್ರೆಯ ಹತ್ತಿರವೇ ಇರಬೇಕು. ಊರಿನಲ್ಲಿದ್ದ ಅಂಗಡಿ ಮಾರಿ ಬಂದಿದ್ದಾರೆ. ಒಂದು ಹಿಡಿ ಕೂಪನು ಕೊಟ್ಟೆ. ಹಣ ಎಣಿಸಿ ಕೊಡುತ್ತಾ ಆಕೆ ಹೇಳಿದರು, "ಇವರಿಗೆ ಹೇಳಿಕೊಟ್ಟಿದ್ದೇನೆ ಅಮ್ಮ, ತಾರಾನಾಥ ಅಂತ ಯಾರಾದ್ರೂ ಕರೆದ್ರೆ ಓ ಹೇಳಿ ಅಂತ. ಇವರು, ಅವರ ಮನೆಯವರಿಗೆ ಬೇಜಾರಿಲ್ವಾ ಕೇಳು ಅಂದ್ರು." ಬೇಜಾರಿಲ್ಲ ಎಂದೆ. ಶೇಖರ ಅವರಿಗೆ ಏಳನೇ ಕೋಣೆ ಕೊಟ್ಟಿದ್ದಾನೆ ಎಂದು ಆಮೇಲೆ ತಿಳಿಯಿತು.

ಏಳನೇ ಕೋಣೆ, ಮೂಕಾಂಬಿಕಾ. ಜುಲೈಯಿಂದ ನಾವಿಬ್ಬರೂ ಇದರ ಸುತ್ತ ಕಾಗದ ಬರೆಯುತ್ತಿದ್ದೇವೆ. ಮಾರ್ಚಿನಲ್ಲಿ ಆ ಬಾಗಿಲಲ್ಲಿ ನಿಂತು ನೀನು "ಇನ್ನು ಇಟ್ಟುಕೊಳ್ಳುವುದು ಕಷ್ಟ" ಎಂದೆ. ಲಾಡ್ಜಿನಲ್ಲಿ ಸಾವಾದರೆ ಆ ಕೋಣೆಗೆ ಬೀಗ, ಪುಣ್ಯಾಹ, ಆರು ತಿಂಗಳು ಯಾರೂ ಮಲಗುವುದಿಲ್ಲ. ನಿಮ್ಮ ಕಡೆಯ ಲಾಡ್ಜುಗಳಿಗೆಲ್ಲ ಒಂದೇ ರೂಢಿ, ಹಾಸಿಗೆಯಲ್ಲಿ ಸಾಯುವ ಮೊದಲು ಟ್ಯಾಕ್ಸಿ ಹತ್ತಿಸಿಬಿಡುವುದು. ಹತ್ತಿದೆವು. ಹಿರಿಯಡ್ಕ ದಾಟಿ ಬೈಲೂರಿಗೆ ಬರುವಾಗ ಅವರು ನೀರು ಕೇಳಿದರು. ಡ್ರೈವರು ಬಾವಿ ಹುಡುಕಿ ನೀರು ತರುವುದರೊಳಗೆ ಹೋಗಿಬಿಟ್ಟರು. ರಸ್ತೆಯ ಬದಿಯಲ್ಲಿ.

ಇದನ್ನು ಬರೆದದ್ದು ಅಳುವುದಕ್ಕಲ್ಲ. ನಿನಗೆ ಗೊತ್ತಿರಲಿ ಎಂದು.

ರಮಾಮಣಿ

●

ಮಣಿಪಾಲ
6 ಅಕ್ಟೋಬರ್ 1983
(ಕಾರ್ಕಳದ ಬಸ್ಸಿನ ಕಂಡಕ್ಟರ್ ಕೈಯಲ್ಲಿ)

ರಮಾಮಣಿ,

ಅಂಚೆಗೆ ಕಾಯುವಷ್ಟು ಸಮಯವಿಲ್ಲ, ಅದಕ್ಕೇ ಬಸ್ಸಿನವರ ಕೈಯಲ್ಲಿ ಕಳುಹಿಸಿದ್ದು. ಸಂಜೆಯ ಬಸ್ಸಿಗೆ ಉತ್ತರ ಕೊಡು.

ಮಾರ್ಚಿನದ್ದನ್ನು ನೀನು ಎತ್ತಿದ್ದಕ್ಕೆ ಹೇಳುತ್ತೇನೆ. ನಾನು ತಪ್ಪು ಮಾಡಿದೆ ಎಂದು ನನಗೆ ಅನಿಸುವುದಿಲ್ಲ. ಆ ರೂಢಿ ನನ್ನ ಮಾವನ ಕಾಲದ್ದು. ಹೆಣ ಇಳಿಸಿದ ಲಾಡ್ಜು ಎಂದು ಒಮ್ಮೆ ಹೆಸರು ಬಿದ್ದರೆ ಹೆರಿಗೆಗೆ ಬಂದವರು ಮೆಟ್ಟಿಲು ಹತ್ತುವುದಿಲ್ಲ. ಇನ್ನೊಮ್ಮೆ ಅಂತಹ ದಿನ ಬಂದರೂ ಹಾಗೇ ಮಾಡುತ್ತೇನೆ.

ಬಂದಿದೆ. ಜಮಾಲರಿಗೆ ಎರಡು ದಿನದಿಂದ ಮಾತಿಲ್ಲ. ಇವರು ಟ್ಯಾಕ್ಸಿ ತರಿಸು ಎನ್ನುತ್ತಾರೆ. ನಾನು ಹೇಳಿದರೆ ಸಫಿಯಮ್ಮ ಅಳುತ್ತಾರೆ, ಬೇರೆ ಕೋಣೆಯವರು ಸೇರುತ್ತಾರೆ, ಜಾತಿಯ ಮಾತು ಬರುತ್ತದೆ. ನೀನು ಹೇಳಿದರೆ ಕೇಳುತ್ತಾರೆ. ಆಕೆಗೆ ನಿನ್ನ ಮೇಲೆ ಎಲ್ಲಿಲ್ಲದ ವಿಶ್ವಾಸ ಉಂಟು.

ಇವರನ್ನು ಒಪ್ಪಿಸಿದ್ದೇನೆ. ನಿನ್ನ ಹತ್ತಿರ ಉಳಿದ ಕೂಪನುಗಳನ್ನೆಲ್ಲ ನಾವೇ ಪೂರ್ತಿ ಬಾಡಿಗೆಯ ಬೆಲೆಗೆ ಕೊಳ್ಳುತ್ತೇವೆ, ರೊಕ್ಕ ಕೈಯಲ್ಲಿ. ನಿನ್ನ ಮೆಷಿನಿನ ಬಾಕಿ ತೀರಿ ಮೇಲೆ ಮಿಗುತ್ತದೆ. ನಾಳೆಯಿಂದ ನವರಾತ್ರಿ, ಆಮೇಲೆ ಆ ಕೂಪನುಗಳಿಗೆ ರದ್ದಿಯ ಬೆಲೆಯೂ ಇಲ್ಲ. ಒಂದೇ ಮಾತು, ಏಳನೇ ಕೋಣೆ ನಾಳೆ ಬೆಳಿಗ್ಗೆ ಖಾಲಿಯಾಗಬೇಕು, ನಿನ್ನ ಮಾತಿನಿಂದ. ನಿನ್ನ ಬಾಳು ಹಳಿಗೆ ಬರುತ್ತದೆ, ಮಾರಾಯ್ತಿ. ಯೋಚಿಸು.

ಮೂಕಾಂಬಿಕಾ

●

ಕಾರ್ಕಳ ಬಸ್‌ಸ್ಟ್ಯಾಂಡ್
6 ಅಕ್ಟೋಬರ್ 1983, ಸಂಜೆ

ಮೂಕಾಂಬಿಕಾ,

ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ನಿಜವಾಗಿ ಯೋಚಿಸಿದೆ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಬರುವಾಗ ದಾರಿಯಲ್ಲಿ ಭುಜಂಗರ ಮೇಜು ಸಿಗುತ್ತದೆ. ಅವರು ಮೆಷಿನಿಗೆ ಎಣ್ಣೆ ಬಿಡುತ್ತಿದ್ದರು. ಹತ್ತಿರ ಹೋಗಿ ಮುಟ್ಟಿ ಬಂದೆ. ನನಗೆ ಅದು ಬೇಕು. ಈ ಜನ್ಮದಲ್ಲಿ ಇಷ್ಟು ಆಸೆಯಿಂದ ನಾನು ಬೇರೆ ಏನನ್ನೂ ಕೇಳಲಿಲ್ಲ.

ನಾನು ಕೂಪನು ಮಾರುವವಳು. ಯಾರಿಗೂ ದಾನ ಮಾಡಲು ಹೊರಟವಳಲ್ಲ, ಒಳ್ಳೆಯವಳು ಎನಿಸಿಕೊಳ್ಳುವ ಚಟವೂ ಇಲ್ಲ. ಆದರೆ ಮಾರಿದ ಮೇಲೆ ಅದು ಕೊಂಡವರದ್ದು. ಕೊಟ್ಟ ಕೋಣೆಯಿಂದ ಸಾಯುವವನನ್ನು ಎಬ್ಬಿಸಿ, ಅದೇ ಹಣದಲ್ಲಿ ಮೆಷಿನು ತಂದು, ಅದರಲ್ಲಿ ಊರಿನವರಿಗೆ ನ್ಯಾಯ ಕೊಡಿಸಿ ಎಂದು ಅರ್ಜಿ ಟೈಪು ಮಾಡಲು ನನಗೆ ಬೆರಳು ಏಳುವುದಿಲ್ಲ.

ಈ ಲಕೋಟೆಯ ಜೊತೆ ಇನ್ನೊಂದು ಲಕೋಟೆ ಉಂಟು. ಅದು ಸಫಿಯಮ್ಮನಿಗೆ. ಉಳಿದ ಕೂಪನುಗಳೆಲ್ಲ ಅದರಲ್ಲಿವೆ. ನವರಾತ್ರಿಯ ಮೊದಲೇ ಕೋಣೆಯಲ್ಲಿ ಇದ್ದವರು ಅವರು, ನಿನ್ನ ಹೊಸ ಕಾನೂನು ಅವರಿಗೆ ತಾಗುವುದಿಲ್ಲ. ತಾಗಿಸುವುದಾದರೆ ನೀನೇ ಬಾಗಿಲಲ್ಲಿ ನಿಂತು ಹೇಳು. ಹೇಗೆ ಹೇಳುವುದೆಂದು ನಿನಗೆ ಗೊತ್ತುಂಟು.

ರಮಾಮಣಿ

●

ಮಣಿಪಾಲ
26 ಅಕ್ಟೋಬರ್ 1983

ರಮಾಮಣಿ,

ಇದು ತಪ್ಪೊಪ್ಪಿಗೆಯಲ್ಲ. ನಡೆದದ್ದನ್ನು ನಿನಗೆ ತಿಳಿಸದೆ ಇರಲಾಗಲಿಲ್ಲ.

ಅಂದು ನಿನ್ನ ಎರಡು ಲಕೋಟೆ ಬಂದಾಗ ಟ್ಯಾಕ್ಸಿ ಆಗಲೇ ಮೆಟ್ಟಿಲ ಕೆಳಗೆ ನಿಂತಿತ್ತು. ಇವರು ತರಿಸಿದ್ದರು. ನಾನು ಏಳನೇ ಕೋಣೆಯ ಬಾಗಿಲಿಗೆ ಹೋದೆ, ಹೇಳಬೇಕಾದ ಮಾತನ್ನು ಬಾಯಿಯಲ್ಲಿ ಇಟ್ಟುಕೊಂಡೇ ಹೋದೆ. ಸಫಿಯಮ್ಮ ಚಮಚದಲ್ಲಿ ಅವರ ತುಟಿಗೆ ನೀರು ಹಾಕುತ್ತಿದ್ದರು. ನನ್ನನ್ನು ನೋಡಿ "ಬನ್ನಿ, ಕೂತುಕೊಳ್ಳಿ" ಎಂದರು, ನನ್ನದೇ ಕುರ್ಚಿ ತೋರಿಸಿ. ನಿನ್ನ ಲಕೋಟೆ ಕೊಟ್ಟು ಕೆಳಗೆ ಬಂದೆ. ಟ್ಯಾಕ್ಸಿಯವನಿಗೆ ಬಾಡಿಗೆ ಕೊಟ್ಟು ಕಳುಹಿಸಿಬಿಟ್ಟೆ.

ಇವರು ಊಟ ಬಿಟ್ಟರು. "ಬಿಡಿ" ಎಂದೆ. ಮೂರು ದಿನದ ಮೇಲೆ ತಾವಾಗಿಯೇ ಬಡಿಸಿಕೊಂಡರು.

ಜಮಾಲರು ಮೊನ್ನೆ ಬೆಳಿಗ್ಗೆ ಹೋದರು, ಹಾಸಿಗೆಯಲ್ಲೇ. ಕಾಪುವಿನಿಂದ ಜನ ಬಂದರು, ಮುಂದಿನ ಮೆಟ್ಟಿಲಿನಿಂದಲೇ ಇಳಿಸಿದರು. ಹಿಂದಿನ ಬಾಗಿಲು ತೆಗೆಯಲೋ ಎಂದು ಶೇಖರ ಕೇಳಿದಾಗ ಬೇಡವೆಂದವಳು ನಾನೇ. ಎಂಟನೇ ಕೋಣೆಯವರು ಗಂಟು ಕಟ್ಟಿ ಹೊರಟುಹೋದರು. ಒಂಬತ್ತನೆಯವರು ಸಫಿಯಮ್ಮನಿಗೆ ಕಾಫಿ ಮಾಡಿ ತಂದರು. ಕೋಣೆ ತೊಳೆಸಿದೆ, ಬೀಗ ಹಾಕಿಸಲಿಲ್ಲ. ಮರುದಿನ ಯಾರೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ಆಸ್ಪತ್ರೆಯಲ್ಲಿ ಜಾಗ ಸಿಗದವರಿಗೆ ಪುಣ್ಯಾಹದ ಯೋಚನೆ ಇಲ್ಲ.

ಹೊರಡುವ ಮೊದಲು ಸಫಿಯಮ್ಮ ಕೌಂಟರಿಗೆ ಬಂದರು. ಶೇಖರ ರಿಜಿಸ್ಟರಿನಲ್ಲಿ "ತಾರಾನಾಥ, ಹೊರಟರು" ಎಂದು ಬರೆದಾಗಿತ್ತು. ಆಕೆ ಹೇಳಿದರು, "ಅದು ಹೊಡೆದುಹಾಕಿ ಅಣ್ಣ. ಜಮಾಲ್ ಅಂತ ಬರೀರಿ. ಇರುವಾಗ ಇನ್ನೊಬ್ಬರ ಹೆಸರು ಆಯ್ತು, ಹೋಗುವಾಗ ಅವರದ್ದೇ ಇರ್ಲಿ." ಬರೆಸಿದೆ.

ನೀನು ಒಮ್ಮೆ ಇಲ್ಲಿಗೆ ಬಂದು ಒಂದು ಲೋಟ ಚಹಾ ಕುಡಿದು ಹೋಗುತ್ತೀಯಾ? ಕಾಗದದಲ್ಲಿ ಜಗಳವಾಡಿ ನನಗೆ ಸುಸ್ತಾಯಿತು.

ಮೂಕಾಂಬಿಕಾ

●

ತಾಲೂಕು ಕಚೇರಿಯ ಎದುರು, ಕಾರ್ಕಳ
24 ನವೆಂಬರ್ 1983

ಮೂಕಾಂಬಿಕಾ,

ಮೆಷಿನು ಮಂಗಳೂರಿನವರೊಬ್ಬರ ಪಾಲಾಯಿತು. ಹಗ್ಗ ಕಟ್ಟಿ ಬಸ್ಸಿನ ಮೇಲೆ ಹಾಕುವುದನ್ನು ನಿಂತು ನೋಡಿದೆ. ಹೊಟ್ಟೆ ಉರಿಯಿತು, ಅತ್ತುಬಿಟ್ಟೆ. ಭುಜಂಗರು ನನ್ನ ಮುಂಗಡ ವಾಪಸು ಕೊಟ್ಟು, "ಮೇಜು ಯಾರಿಗೂ ಬೇಡವಂತೆ ಅಮ್ಮ, ನೀವು ಕೂತುಕೊಳ್ಳಿ" ಎಂದರು. ಕೂತೆ. ಒಂದು ಕೊಡೆ, ಎರಡು ಪೆನ್ನು, ಒಂದು ದಸ್ತು ಕಾಗದ.

ಮೊದಲ ದಿನ ಯಾರೂ ಬರಲಿಲ್ಲ. ಮರುದಿನ ನಿಟ್ಟೆಯ ಒಬ್ಬರು ಬಂದು ನಿಂತು, "ಹೆಂಗಸು ಕೈಯಲ್ಲಿ ಬರೆದ ಅರ್ಜಿ ತಹಶೀಲ್ದಾರರು ಓದ್ತಾರಾ?" ಎಂದರು. "ಅರ್ಜಿಗೆ ಮೀಸೆ ಬೇಕು ಅಂತ ಸರ್ಕಾರ ಎಲ್ಲಿಯೂ ಹೇಳಿಲ್ಲ ಮಾರಾಯ್ರೆ" ಎಂದೆ. ಕೂತರು. ಅವರ ಜಾಗದ ತಕರಾರು ತಹಶೀಲ್ದಾರರು ಓದಿದರಂತೆ. ಈಗ ದಿನಕ್ಕೆ ನಾಲ್ಕಾರು ಜನ ಬರುತ್ತಾರೆ. ಭಾವನವರೂ ಒಮ್ಮೆ ಬಂದು ರಸ್ತೆಯ ಆಚೆ ಬದಿ ಸ್ವಲ್ಪ ಹೊತ್ತು ನಿಂತಿದ್ದರು. ನಾನು ತಲೆ ಎತ್ತಿ ನೋಡಿದೆ. ಅವರು ಉಡುಪಿಯ ಬಸ್ಸು ಹತ್ತಿದರು.

ನೀನು ಕ್ಷಮೆ ಕೇಳಲಿಲ್ಲ, ನಾನೂ ಕೊಡುವುದಿಲ್ಲ. ಜಮಾಲರು ಹಾಸಿಗೆಯಲ್ಲಿ ಹೋದರೆಂದು ಬೈಲೂರಿನ ರಸ್ತೆ ಇಲ್ಲವಾಗುವುದಿಲ್ಲ. ಆದರೆ ಟ್ಯಾಕ್ಸಿಯನ್ನು ನೀನು ತಿರುಗಿ ಕಳುಹಿಸಿದೆ ಎಂದು ಓದಿದಾಗ ನಿನ್ನ ಮೇಲೆ ಪ್ರೀತಿ ಬಂತು. ಬೇಡವೆಂದರೂ ಬಂತು, ಏನು ಮಾಡಲಿ.

ಸಫಿಯಮ್ಮ ಹೆಸರು ತಿದ್ದಿಸಿದ್ದನ್ನು ಓದಿ ನನಗೊಂದು ಹೊಳೆಯಿತು. ಎರಡು ವರ್ಷ ನಿನ್ನ ರಿಜಿಸ್ಟರಿನಲ್ಲಿ ಶೇಖರ ಬರೆದದ್ದು ಹೇಗೆಂದು ನೆನಪುಂಟಾ? "ತಾರಾನಾಥ ಮತ್ತು ಒಬ್ಬರು." ಪ್ರತಿ ಸಲವೂ ಅದೇ. ಬಟ್ಟೆ ಒಗೆದದ್ದು, ಗಂಜಿ ಕಾಯಿಸಿದ್ದು, ನಿದ್ದೆಗೆಟ್ಟದ್ದು, ಬಾಡಿಗೆ ಎಣಿಸಿ ಕೊಟ್ಟದ್ದು, ಎಲ್ಲ ಆ ಒಬ್ಬರು.

ಬರುವ ಶನಿವಾರ ಬರುತ್ತೇನೆ. ಚಹಾಕ್ಕಲ್ಲ. ಏಳನೇ ಕೋಣೆ ಒಂದು ರಾತ್ರಿಗೆ ಬೇಕು. ನನಗೆ ಕಾಯಿಲೆ ಇಲ್ಲ, ಜೊತೆಯಲ್ಲಿ ಕಾಯಿಲೆಯವರೂ ಇಲ್ಲ. ಸುಮ್ಮನೆ ಬಂದು ಮಲಗಿ ಬೆಳಗಾದ ಮೇಲೆ ಏಳುವುದು. ಬಾಡಿಗೆ ಪೂರ್ತಿ ಕೊಡುತ್ತೇನೆ, ಅರ್ಜಿ ಬರೆದು ಸಂಪಾದಿಸಿದ್ದು. ಕಡಿಮೆ ಮಾಡಿದರೆ ನಿನ್ನ ಕೌಂಟರಿನಲ್ಲೇ ಜಗಳವಾದೀತು. ಶೇಖರನಿಗೆ ಒಂದು ಮಾತು ಹೇಳಿಡು. ರಿಜಿಸ್ಟರು ತೆರೆದ ಮೇಲೆ ಪೆನ್ನನ್ನು ನನ್ನ ಕೈಗೆ ಕೊಡಲಿ. ಹೆಸರು ನಾನೇ ಬರೆಯುತ್ತೇನೆ.

ರಮಾಮಣಿ